ಹನ್ನೊಂದು ಶಾಲು

ಶಾಲು, ಹಾರದ ತಟ್ಟೆ ಸ್ವಲ್ಪ ಹೊತ್ತು ಅಲ್ಲೇ ಇರಲಿ. ಸನ್ಮಾನ ಎಲ್ಲಿಗೂ ಓಡಿಹೋಗೋದಿಲ್ಲ. ಮುಂದಿನ ಸಾಲಿನಲ್ಲಿ ಐದು ಜನ ನರ್ಸಮ್ಮಂದಿರು ಕೂತಿದ್ದಾರೆ. ಈಗ ಮಾತಾಡಿದ ಮಹನೀಯರು ಅವರನ್ನ ದೇವತೆಯರು ಅಂದರು, ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಆಗ ನಾನು ಆ ತಾಯಂದಿರ ಮುಖ ನೋಡ್ತಾ ಇದ್ದೆ. ಒಬ್ಬ ತಾಯಿ ಗೋಡೆ ಗಡಿಯಾರ ನೋಡ್ತಿದ್ದರು. ಯಾಕೆ ನೋಡ್ತಿದ್ದರು? ಆಮೇಲೆ ಹೇಳ್ತೇನೆ. ಆಶೀರ್ವಚನಕ್ಕೆ ಮೊದಲು ಒಂದು ಕಥೆ ಕೇಳಿ.

ಎಲ್ಲ ಊರಿನಲ್ಲೂ ಇರುವ ಹಾಗೆ ಆ ಊರಿನಲ್ಲೂ ಒಬ್ಬ ಸಾಹುಕಾರ ಇದ್ದ. ಮೂರಂತಸ್ತಿನ ಬಟ್ಟೆ ಅಂಗಡಿ. ಮದುವೆ ಜವಳಿ ಅಂದರೆ ನಾಲ್ಕು ತಾಲೂಕಿನ ಜನ ಅವನ ಮೆಟ್ಟಿಲು ಹತ್ತಬೇಕು. ಕೆಟ್ಟವನಲ್ಲ ನೋಡಿ. ಕೆಟ್ಟವನ ಕಥೆ ಹೇಳಿದರೆ ನೀವು ಹಾಯಾಗಿ ಕೇಳಿ ಮನೆಗೆ ಹೋಗಿಬಿಡ್ತೀರಿ. ಇವನು ಒಳ್ಳೆಯವನು. ಊರಿನ ಧರ್ಮಾಸ್ಪತ್ರೆಯ ಟ್ರಸ್ಟಿಗೆ ಅವನೇ ಅಧ್ಯಕ್ಷ. ವರ್ಷಕ್ಕೊಮ್ಮೆ ಸಭೆ ಕೂಡಿಸಿ ಒಬ್ಬ ಸ್ವಾಮಿಯ ಕೈಯಿಂದ ನರ್ಸುಗಳಿಗೆಲ್ಲ ಸನ್ಮಾನ ಮಾಡಿಸುತ್ತಿದ್ದ. ಶಾಲು ಅವನ ಅಂಗಡಿಯದೇ, ಜರಿ ಅಂಚಿನದು.

ಆ ಆಸ್ಪತ್ರೆಯಲ್ಲಿ ಕಸ್ತೂರಿ ಅಂತ ಒಬ್ಬ ನರ್ಸು. ಹನ್ನೊಂದು ವರ್ಷದ ನೌಕರಿ, ಹನ್ನೊಂದು ಶಾಲು. ಅವಳು ಸಂಬಳದ ಮಾತು ಎತ್ತಿದಾಗಲೆಲ್ಲ ಸಾಹುಕಾರ, "ಇದು ಸೇವಾ ಐತವಾ. ಸೇವಾಕ್ಕ ಬೆಲಿ ಕಟ್ಟಬಾರದು" ಅಂತ ಕೈ ಮುಗಿಯುತ್ತಿದ್ದ. ಕೈ ಮುಗಿದವನ ಹತ್ತಿರ ಜಗಳ ಮಾಡೋದು ಹೇಗೆ ಹೇಳಿ?

ಹೀಗಿರುವಾಗ ಸಾಹುಕಾರನ ಹೆಂಡತಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿತ್ತು, ಮಾತು ನಿಂತಿತು. ಮೂವತ್ತು ವರ್ಷ ಮನೆ ತುಂಬ ಮಾತಾಡಿದ ಹೆಣ್ಣುಮಗಳು! ದೊಡ್ಡ ಊರಿನ ದೊಡ್ಡ ಡಾಕ್ಟರಿಗೂ ತೋರಿಸಿದ. ಇನ್ನು ಆರೈಕೆಯೇ ಔಷಧ ಅಂತ ವಾಪಸು ಕಳಿಸಿದರು. ತನ್ನ ಧರ್ಮಾಸ್ಪತ್ರೆಯಲ್ಲೇ ಮಲಗಿಸಿದ. ಆರೈಕೆ ಯಾರು ಮಾಡಿದರು? ಕಸ್ತೂರಿ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿದಳು. ತಿಂಗಳಾದರೂ ಬೆನ್ನಿಗೆ ಒಂದು ಹುಣ್ಣು ಬೀಳಲಿಲ್ಲ. ಎಡಗೈ ಬೆರಳಿನಿಂದ ಮಂಚದ ಪಟ್ಟಿ ತಟ್ಟಿ ಬೇಕಾದ್ದು ಕೇಳೋದನ್ನ ಕಲಿಸಿದಳು. ಸಾಹುಕಾರ ಬಾಗಿಲಲ್ಲಿ ನಿಂತು, "ನೀ ಮನಷ್ಯಾಳಲ್ಲವಾ, ದೇವತಿ" ಅಂದ. ಮನಸಾರೆ ಅಂದ.

ಒಂದು ಸೋಮವಾರ ಸಾಹುಕಾರ ಆಸ್ಪತ್ರೆಗೆ ಬಂದು ನೋಡಿದರೆ ಕಸ್ತೂರಿ ಇಲ್ಲ. ಕೆಲಸ ಬಿಟ್ಟಳಂತೆ. ಇಪ್ಪತ್ತೆಂಟು ಹಾಸಿಗೆಗೆ ಹೊಸ ಹುಡುಗಿ ಒಬ್ಬಳೇ ಓಡಾಡುತ್ತಿದ್ದಳು, ಪಾಪ. ಹೆಂಡತಿ ಮಂಚದ ಪಟ್ಟಿ ತಟ್ಟಿದಳು, ಟಕ್ ಟಕ್. ಸಾಹುಕಾರ ದಿಂಬು ಸರಿಮಾಡಿದ. ಟಕ್ ಟಕ್. ಫ್ಯಾನು ಆರಿಸಿದ. ಟಕ್ ಟಕ್. ಚಳಿ ಇರಬೇಕು ಅಂತ ಅಂಗಡಿಯಿಂದ ಶಾಲು ತರಿಸಿದ, ಇದ್ದುದರಲ್ಲಿ ಎಲ್ಲಕ್ಕಿಂತ ದುಬಾರಿಯದು. ತಾನೇ ಹೊದಿಸಿದ. ಅವಳ ಕಣ್ಣಲ್ಲಿ ನೀರು ಬಂತು. ತನ್ನ ಪ್ರೀತಿಗೆ ಬಂದ ಕಣ್ಣೀರು ಅಂದುಕೊಂಡು ಸಾಹುಕಾರ ಅಂಗಡಿಗೆ ಹೋದ.

ಅಂಗಡಿಯಲ್ಲಿ ಅವತ್ತು ಸೀರೆ ತೋರಿಸುವ ಕೆಲಸಕ್ಕೆ ಹೆಣ್ಣುಮಕ್ಕಳನ್ನ ಕರೆದಿದ್ದರು. ಸಾಲಿನಲ್ಲಿ ಮೂರನೆಯವಳು ಕಸ್ತೂರಿ.

"ಯಾಕವಾ, ಆಸ್ಪತ್ರಿ ಬಿಟ್ಟು ಇಲ್ಲ್ಯಾಕ ಬಂದಿ?"

"ಕೆಲಸ ಕೇಳಾಕ್ರಿ. ಇಲ್ಲಿ ಹುಡುಗ್ಯಾರಿಗೆ ಹದಿನಾಲ್ಕು ಸಾವಿರ ಕೊಡ್ತೀರಿ. ಆಸ್ಪತ್ರ್ಯಾಗ ನನಗ ಹತ್ತೂವರಿ. ಎರಡೂ ಕಡೆ ಸಹಿ ನಿಮ್ದ ಐತ್ರಿ."

ಸುಳ್ಳಲ್ಲ. ಎದುರು ಅಂಗಡಿಯವನು ಹೆಚ್ಚಿಸಿದಾಗ ಇವನೂ ಹೆಚ್ಚಿಸಿದ್ದ. ಸೀರೆ ಮಾರುವವರು ಬಿಟ್ಟುಹೋದರೆ ನಷ್ಟ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಸಾಹುಕಾರನಿಗೆ ಸಿಟ್ಟು ಬಂತು, ಸಿಟ್ಟಿನ ಕೆಳಗೆ ನಾಚಿಕೆ ಇತ್ತು.

"ನಿನಗ ಸೀರಿ ಕೆಲಸ ಏನ್ ಗೊತ್ತು?"

"ಮಡಚೋದು ಗೊತ್ತೈತ್ರಿ. ಮನ್ಯಾಗ ಹನ್ನೊಂದು ಶಾಲು ಮಡಚಿಟ್ಟೇನಿ."

"ನಿನಗೂ ಆರಾಮಿನ ಜೀವನ ಬೇಕಾತೇನು?"

"ಬ್ಯಾಡೇನ್ರಿ?" ಅಂದಳು ಕಸ್ತೂರಿ. "ನನ್ನ ಆರಾಮ ದೊಡ್ಡದಲ್ರಿ. ಡ್ಯೂಟಿ ಮುಗಿಸಿ ಮತ್ತೊಬ್ಬರ ಮನ್ಯಾಗ ಮುದುಕರನ್ನ ನೋಡಾಕ ಓಡಬಾರದು. ಮಗಳಿಗೆ ಜ್ವರ ಬಂದ್ರ ಆಕಿ ಹಣಿ ಮ್ಯಾಲ ನನ್ನ ಕೈ ಇರಬೇಕು. ಹೋದ ವಾರ ಇರಲಿಲ್ರಿ. ರಜಾ ಹಾಕಿದ್ರ ಸಂಬಳ ಹಿಡೀತಾರ. ಅದಕ್ಕ ನಿಮ್ಮ ಮನಿಯವರ ಹತ್ರ ಇದ್ದೆ."

ಸಾಹುಕಾರ ತಲೆ ತಗ್ಗಿಸಿದ. ಆಮೇಲೆ ಕೇಳಿದ, "ಆಕಿ ಎರಡು ಸಲ ತಟ್ಟತಾಳವಾ. ಮುಂಜಾನಿಂದ ತಟ್ಟಾಕತ್ತಾಳ. ಏನದು?"

ಕಸ್ತೂರಿ ಕೂಗಿಬಿಟ್ಟಳು. "ನೀರು, ಸಾಹುಕಾರ್ರ! ಕೊಡಲಿಲ್ಲೇನು?"

ಸಾಹುಕಾರ ಚಪ್ಪಲಿ ಮೆಟ್ಟದೆ ಆಸ್ಪತ್ರೆಗೆ ಓಡಿದ. ಚಮಚದಲ್ಲಿ ನೀರು ಹಾಕಿದ. ಹೆಂಡತಿಯ ತುಟಿ ಒಣಗಿ ಒಡೆದಿತ್ತು, ಕೊರಳ ತನಕ ಜರಿ ಶಾಲು ಇತ್ತು. ನೀರು ಕೇಳಿದವಳಿಗೆ ಶಾಲು ಹೊದಿಸಿದೆನಲ್ಲ ಅಂತ ಅದನ್ನ ತೆಗೆದು ಪಕ್ಕಕ್ಕಿಟ್ಟ. ಆಮೇಲೆ ಹೊಳೆಯಿತು, ಇವಳೊಬ್ಬಳಿಗೇ ಅಲ್ಲ. ಹನ್ನೊಂದು ವರ್ಷದಿಂದ ಇನ್ನೊಬ್ಬಳಿಗೂ ಇದನ್ನೇ ಮಾಡಿದ್ದೇನೆ.

ಟ್ರಸ್ಟಿನ ಸಭೆ ಕರೆದ. ಸಂಬಳ ಹೆಚ್ಚಬೇಕು, ನರ್ಸುಗಳು ಹೆಚ್ಚಬೇಕು ಅಂದ. ಸೇವಾಭಾವ ಕೆಡ್ತದೆ ಅಂತ ನಾಲ್ಕು ಜನ ತಕರಾರು ತೆಗೆದರು. "ಹಂಗಾದ್ರ ನಾಳೆಯಿಂದ ನೀವ ಬಂದು ಮಗ್ಗುಲು ಬದಲಿಸ್ರಿ, ಸೇವಾಭಾವದಿಂದ" ಅಂದ. ಆ ನಾಲ್ವರೂ ಠರಾವಿಗೆ ಸಹಿ ಹಾಕಿದರು. ಕಸ್ತೂರಿ ವಾಪಸು ಬಂದಳು. ಉಳಿದವರಿಗೂ ಅಷ್ಟೇ ಸಂಬಳ ಅಂತ ಖಾತ್ರಿ ಮಾಡಿಕೊಂಡೇ ಬಂದಳು. ಆದರೆ ಈ ಓಡಾಟಕ್ಕೆ ಹದಿನಾರು ದಿನ ಹಿಡಿದಿತ್ತು. ಅಷ್ಟರಲ್ಲಿ, ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸುವವರಿಲ್ಲದೆ, ಬೆನ್ನಿಗೆ ಹುಣ್ಣು ಬಿದ್ದು ನಂಜಾಗಿತ್ತು. ಸಾಹುಕಾರ್ತಿ ಉಳಿಯಲಿಲ್ಲ.

ಯಾವ ಊರು ಅಂತ ಕೇಳಬೇಡಿ. ಆ ಹನ್ನೊಂದು ಶಾಲು ಹೊದಿಸಿದ ಸ್ವಾಮಿ ಯಾರು ಅಂತ ಕೇಳಿ. ಈ ಕೈ ನೋಡಿ, ಇದೇ ಕೈ. ಸಾಹುಕಾರ ಶಾಲು ಕೊಟ್ಟ, ನಾನು ಹೊದಿಸಿದೆ, ಸೇವೆಯ ಮಹಿಮೆ ಹೇಳಿದೆ. ಹನ್ನೊಂದು ವರ್ಷದಲ್ಲಿ ಒಂದು ದಿನವಾದರೂ, ತಾಯಿ, ಸಂಬಳ ಸಾಲ್ತದಾ ಅಂತ ಕೇಳಲಿಲ್ಲ. ಕೇಳಬೇಕಿತ್ತು. ಆ ಪಾಪದಲ್ಲಿ ನನ್ನದೂ ಪಾಲಿದೆ.

ಇನ್ನು ನಿಮ್ಮ ಮಾತು. ಗಡಿಯಾರ ನೋಡಿದ ಆ ತಾಯಿಗೆ ಎರಡು ಗಂಟೆಗೆ ಡ್ಯೂಟಿ. ತಡವಾದರೆ ಅರ್ಧ ದಿನದ ಸಂಬಳ ಹಿಡೀತಾರೆ, ನಿಮ್ಮ ಸನ್ಮಾನದ ಸಲುವಾಗಿ! ಹೊರಡಿ ತಾಯಿ, ನಾವೇನೂ ತಪ್ಪು ತಿಳಿಯೋದಿಲ್ಲ.

ನಿಮ್ಮಲ್ಲಿ ನರ್ಸಿಂಗ್ ಹೋಮ್ ನಡೆಸುವವರಿದ್ದೀರಿ. ಒಬ್ಬಳ ಕೈಯಲ್ಲಿ ಮೂವರ ಕೆಲಸ ಮಾಡಿಸೋದನ್ನ ನಾಳೆಯೇ ನಿಲ್ಲಿಸಿ. ಮನೆಯಲ್ಲಿ ಅಪ್ಪನನ್ನೋ ಅತ್ತೆಯನ್ನೋ ನೋಡಿಕೊಳ್ಳಲು ನರ್ಸ್ ಇಟ್ಟವರು ಇದ್ದೀರಿ. "ಸುಮ್ಮನೆ ಕೂತೇ ಇರ್ತೀಯಲ್ಲ" ಅಂತ ಅವಳ ಹತ್ತಿರ ಚೌಕಾಸಿ ಮಾಡಬೇಡಿ. ಸೀರೆ ಅಂಗಡಿಯಲ್ಲಿ ಮಾಡಿ ಬೇಕಾದರೆ. ಅವಳ ಮಗುವಿಗೆ ಜ್ವರ ಬಂದ ದಿನ ರಜಾ ಕೊಡಿ, ಸಂಬಳವನ್ನೂ ಕೊಡಿ. ದೇವತೆ ಅನ್ನೋ ಮಾತು ಬಾಯಿಗೆ ಬಂದಾಗಲೆಲ್ಲ ನುಂಗಿಕೊಂಡು, ಈ ಸಂಬಳದಲ್ಲಿ ಆರಾಮಾಗಿ ಇದ್ದೀಯಾ ತಾಯಿ ಅಂತ ಕೇಳಿ. ಅವಳು ಹೇಳೋದನ್ನ ಪೂರ್ತಿ ಕೇಳಿಸಿಕೊಳ್ಳಿ. ಕೇಳಿಸಿಕೊಂಡ ಮೇಲೆ ಶಾಲು ಹುಡುಕಬೇಡಿ.