ಠಾಣೆಯ ಬೆಂಚಿನಲ್ಲಿ ಸ್ವಿಟ್ಜರ್ಲೆಂಡ್

ಚುನಾವಣೆಗೆ ಮುಂಚೆ ಠಾಣೆಗೆ ಒಪ್ಪಿಸಿದ್ದ ಲೈಸೆನ್ಸ್ ಬಂದೂಕುಗಳನ್ನು ವಾಪಸ್ ಕೊಡುವ ದಿನ. ಪಾಸ್‌ಪೋರ್ಟ್ ವಿಚಾರಣೆಗೆಂದು ನಾನೂ ಗುಬ್ಬಿ ಕಡೆಯ ಆ ಠಾಣೆಯ ಬೆಂಚಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಬ್ಬ ರೈತ, ಅವನ ಅಕ್ಕ.

“ಬಂದೂಕು ಇವ್ನಿಗೆ ಕೊಡ್ಬೇಡಿ ಅಂತ ಬರ್ದ್ ಕೊಡ್ತೀನಿ ಕಣೋ ನಾಗೇಶ.”

“ಹಂದಿ ರಾಗಿಗೆ ನುಗ್ಗಿದ್ರೆ ನೀನ್ ಬಂದ್ ಓಡಿಸ್ತೀಯೇನಕ್ಕ? ಸ್ವಿಟ್ಜರ್ಲೆಂಡಲ್ಲಿ ಎಷ್ಟೊಂದ್ ಮನೇಲಿ ಗನ್ ಐತೆ ಗೊತ್ತಾ? ಕೊಲೆ ನಮ್ಗಿಂತ ಕಮ್ಮಿ.”

“ಅಮೆರಿಕದ್ದೂ ಹೇಳು.”

“ಅದ್ ಬೇರೆ.”

“ಯಾಕ್ ಬೇರೆ? ಅಲ್ಲಿ ಗನ್ನೂ ಜಾಸ್ತಿ, ಹೆಣಾನೂ ಜಾಸ್ತಿ. ಜಪಾನಲ್ಲಿ ಎರಡೂ ಕಮ್ಮಿ. ಮೊಬೈಲು ನಿಂಗೊಬ್ನಿಗೇ ಇರೋದಾ?”

“ಗನ್ನು ತಾನಾಗ್ ಹೊಡೆಯಲ್ಲ. ಹಿಡ್ಕೊಂಡಿರೋನು ನೆಟ್ಟಗಿರ್ಬೇಕು.”

“ಸ್ವಿಟ್ಜರ್ಲೆಂಡಲ್ಲಿ ಬೋರ್‌ವೆಲ್ ನೀರಿನ ಸರದಿಗೆ ಒಡಹುಟ್ಟಿದ ತಮ್ಮನ ಎದೆಗೆ ಗುರಿ ಇಡ್ತಾರೇನೋ?”

“ಹೆದ್ರಿಸ್ದೆ ಅಷ್ಟೆ. ಕೆಂಪರಾಜಂಗೆ ಏನಾದ್ರೂ ಆಯ್ತಾ? ಒಳಗೆ ಗುಂಡೇ ಇರ್ಲಿಲ್ಲ.”

ಅಕ್ಕ ದನಿ ತಗ್ಗಿಸಿದಳು.

“ಗುಂಡ್ ಇತ್ತು ಕಣೋ. ಅವತ್ತು ಬೆಳಗ್ಗೆ ನೀವಿಬ್ರೂ ಕೂಗಾಡ್ದಾಗ್ಲೇ ನಾನು ತೆಗ್ದಿಟ್ಟಿದ್ದೆ. ಅದು ನಿಂಗ್ ಗೊತ್ತಿರ್ಲಿಲ್ಲ. ನೀನು ಟ್ರಿಗರ್ ಎಳ್ದೆ. ನಾನು ಬಾಗ್ಲಲ್ಲೇ ನಿಂತಿದ್ದೆ.”

ಅವನು ಗೋಡೆಯ ಕಡೆ ಮುಖ ತಿರುಗಿಸಿದ.

“ನಾಗೇಶ ಯಾರ್ರೀ?” ಒಳಗಿನಿಂದ ಕಾನ್‌ಸ್ಟೇಬಲ್ ಕೂಗಿದರು.

ಅವನು ಏಳಲಿಲ್ಲ. ಅಕ್ಕ ಪರ್ಸಿನಿಂದ ಒಂದು ಗುಂಡಿನ ತೋಟಾ ತೆಗೆದು, ಅಂಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ತಮ್ಮನ ಹೆಸರಿಗೆ ತಾನೇ “ಬಂದೆ” ಎಂದು ಒಳಗೆ ಹೋದಳು.