ಹದಿನಾಲ್ಕನೇ ಖೋಲಿ ಮುಂದ

ನಗಬ್ಯಾಡ್ರಿ! ಖರೇನ ಹೇಳಾಕತ್ತೇನಿ, ನಗಬ್ಯಾಡ್ರಿ... ಝುವಾರಿನಗರದಿಂದ ನಿಮ್ಮ ಬೆನ್ನ ಹಿಂದನ ಬಂದೇನಿ, ಅದ ಬಸ್ಸಿನ್ಯಾಗ. ನೀವು ಹಿಂದಿನ ಬಾಗಲಾ ಹತ್ತಿದ್ರಿ, ನಾ ಮುಂದಿನ ಬಾಗಲಾ. ತಲಿ ತುಂಬ ಸೆರಗ ಹೊತ್ಕೊಂಡು ಕುಂತಿದ್ದೆ. ಮಡಗಾಂವ ಬರೂತನಾ ನಿಮಗ ಗುರ್ತ ಹತ್ತಲಿಲ್ಲ! ಹತ್ತು ವರ್ಷದ ಹೆಂಡ್ತೀದು!

ಹೂಂ, ಕುಂಡ್ರತೇನಿ. ಸರೀರಿ ಒಂಚೂರು.

ಮತ್ತ ನಾ ಏನ್ ತಿಳ್ಕೋಬೇಕಿತ್ರೀ? ಐತವಾರ ನಿಮ್ಮ ಅಂಗಿ ಒಗೀವಾಗ ಕಿಸೇದಾಗ ಚೀಟಿ. 'ಮಂಗಳವಾರ. ಒಂಬತ್ತಕ್ಕ. ಹದಿನಾಲ್ಕನೇ ಖೋಲಿ.' ಅಷ್ಟ! ಮ್ಯಾಲೂ ಹೆಸರಿಲ್ಲ, ಕೆಳಗೂ ಹೆಸರಿಲ್ಲ. ಆದ್ರ ಅಕ್ಷರ ಯಾರವು ಅಂತ ನನಗ ಗೊತ್ತಾಗೂದಿಲ್ಲೇನು? ನಮ್ಮ ಚಾಳಿನ್ಯಾಗ ನೀರಿನ ಪಾಳಿ ಬರದು ನಳದ ಹತ್ರ ಹಚ್ಚಿದಾಕಿ ಯಾರು? ಬಾಜೂಮನಿ ಅಂಬಿಕಾ! ದಿನಾ ಕಣ್ಣಾಗ ಬೀಳು ಅಕ್ಷರ ಅವು.

ಎರಡ ದಿನ ನನಗ ಅನ್ನ ಇಳೀಲಿಲ್ಲ. ಯಾವುದರ ಲಾಡ್ಜಿನ ಖೋಲಿ ಇರಬೇಕು ಅಂತ... ಹೌದ್ರಿ, ಲಾಡ್ಜು! ಇವತ್ತ ಅಂಬಿಕಾನ ಜುಟ್ಟ ಹಿಡದು ಹೊರಗ ಎಳೀಬೇಕಂತ ಬಂದಿದ್ದೆ. ಬಂದ್ ನೋಡಿದ್ರ ದವಾಖಾನಿ! ಬಾಗಲಾ ನೂಕಿದ್ರ ಒಳಗ ಬೋಳತಲಿ ಡಾಕ್ಟರು, ಮುಂದ ಸ್ಟೂಲಿನ ಮ್ಯಾಲ ಅಂಗಿ ಕಳದ ಕುಂತ ನೀವು... ನನ್ನ ನೋಡಿ ಗಡಬಡಿಸಿ ಅಂಗಿ ಎದಿಗೆ ಅವಚಿಕೊಂಡ್ರಿ. ಹೆಂಡ್ತಿ ಮುಂದ!

ಏನಂದ್ರು ಡಾಕ್ಟರು? ನಾನೂ ಕೇಳೇನಿ ಬಿಡ್ರಿ, ಹಿಂದಿ ನನಗೂ ತಿಳೀತೈತಿ. ಇದು ರೋಗ ಅಲ್ಲ, ಎಷ್ಟೋ ಗಂಡಸ್ರಿಗೆ ಎದಿ ಹಿಂಗ ಹೆಂಗಸ್ರಂಗ ಬೆಳದಿರತೈತಿ ಅಂದ್ರು. ಇದ್ದಂಗ ಬಿಟ್ರ ಏನೂ ಆಗೂದಿಲ್ಲ ಅಂದ್ರು. ಮನಸಿಗೆ ಭಾಳ ತ್ರಾಸಾಗತಿದ್ರ ಕೊಯ್ದು ತಗೀತೇವಿ, ಸಣ್ಣ ಕಲಿ ಉಳೀತಾವ, ಇಬ್ರೂ ಕೂಡಿ ವಿಚಾರ ಮಾಡಿ ಸಹಿ ಮಾಡಿ ಕೊಡ್ರಿ, ಬರೂ ಮಂಗಳವಾರ ಆಪರೇಶನ್ ಅಂದ್ರು. ಅಂದ್ರೋ ಇಲ್ಲೋ? ಇಬ್ರೂ ಕೂಡಿ! ನಾ ಬೆನ್ನ ಹತ್ತಿ ಬರಲಾರದಿದ್ರ ಯಾರನ್ನ ಕೂಡಿ ವಿಚಾರ ಮಾಡಾವ್ರಿದ್ರಿ?

ನನಗೇನ ತ್ರಾಸಿಲ್ಲ, ಈಗ ಹೇಳತೇನಿ. ಮಗಳು ಕೂಸಿದ್ದಾಗ ನನ್ನ ಕಡೆ ಸುಮ್ಮನಾಗತಿದ್ದಿಲ್ಲ. ನಿಮ್ಮ ಎದಿ ಮ್ಯಾಲ ಒಗದ್ರ ಆತು, ಗಪ್ಪನ ಮಲಗತಿತ್ತು. ಲಗ್ನ ಆದ ಹೊಸದಾಗ ನೀವ ಬಾಯಿ ಬಿಟ್ಟು ಹೇಳಿದ್ರಿ, ಸಾಲ್ಯಾಗ ಹುಡುಗೂರು ಕಾಡತಿದ್ರು ಅಂತ. ನಾ ಏನಂದೆ? ನಿಮ್ಮ ಎದ್ಯಾಗ ಏನೈತಿ ಅದು ಮುಖ್ಯ ಅಂದೆ. ಅಂದಿದ್ದಿಲ್ಲೇನು?... ಯಾಕ ಕೆಳಗ ನೋಡತೀರಿ?

ಮತ್ತ ಈಗ ಯಾಕ? ಮೂವತ್ತೈದು ದಾಟಿದ ಮ್ಯಾಲ ಈಗ್ಯಾಕ ಬೇಕಾತು ಸಪಾಟ ಎದಿ?

ಗೊತ್ತೈತಿ, ಗೊತ್ತೈತಿ... ಕಂಪನಿಯವರು ಕೋಲ್ವಾ ಸಮುದ್ರದ ದಂಡಿಗೆ ಕರಕೊಂಡ ಹೋದಾಗ ಎಲ್ಲಾರೂ ಅಂಗಿ ಕಳದು ನೀರಾಗ ಬಿದ್ರು, ನೀವು ಅವರ ಚಪ್ಪಲಿ ಕಾಯಕೋತ ಕುಂತ್ರಿ. ಅಂಬಿಕಾನ ಗಂಡ ಅಪ್ಪಾಸಾಬ ನಮ್ಮ ಕಟ್ಟಿ ಮ್ಯಾಲ ಕುಂತು ಅದನ್ನ ಹೇಳಿ ಹೇಳಿ ನಕ್ಕ. ವೆರ್ಣಾದ ಫ್ಯಾಕ್ಟರಿ ಪತ್ರಾಸ್ ಶೆಡ್ಡಿನ ಧಗ್ಯಾಗ ನೀವು ಎರಡೆರಡು ಬನಿಯನ್ ಹಾಕ್ಕೊಂಡು ಶಿಫ್ಟ್ ಮಾಡತೀರಿ. ಒಗಿಯಾಕಿ ನಾನ ಅಲ್ಲೇನು? ನನಗ ಗೊತ್ತಿಲ್ಲೇನು?

ಆದ್ರ... ಅದಕ್ಕಷ್ಟ ಅಂತ ನನ್ನ ಮನಸ ಒಪ್ಪವಲ್ದು. ಸಿಟ್ಟಾಗಬ್ಯಾಡ್ರಿ. ಎರಡ ವರ್ಷದಿಂದ ನೋಡಾಕತ್ತೇನಿ. ಜಳಕಕ್ಕ ಬಾಗಲಾ ಹಾಕ್ಕೋತೀರಿ. ಮೊದಲ ಬೆನ್ನ ತಿಕ್ಕು ಬಾ ಅಂತ ಕರೀತಿದ್ರಿ, ಈಗ ಕರಿಯೂದಿಲ್ಲ. ಮಲಗೂದು ಬನಿಯನ್ ಮ್ಯಾಲ, ಗ್ವಾಡಿ ಕಡೆ ಮಾರಿ ಮಾಡಿ. ನನ್ನ ಕೈ ತಗಲಿದ್ರ ಸಾಕು, ಸರೀತೀರಿ. ಹೆಂಡ್ತಿಗೆ ಮುಚ್ಚಾಕತ್ತಾರ ಅಂದ್ರ ಮತ್ತ್ಯಾರಿಗೋ ತೋರಸಾಕತ್ತಿರಬೇಕು ಅಂತ ನನ್ನ ತಲ್ಯಾಗ ಹುಳಾ ಹೊಕ್ಕಿತು. ಯಾವ ಹೆಂಗಸಿಗೆ ಹೋಗೂದಿಲ್ಲ ಹೇಳ್ರಿ?

ಅಲ್ರಿ, ಆಪರೇಶನ್ ಆಗಿ ಅಂಗಿ ಗುಂಡಿ ಬಿಟ್ಟ ತಿರಗಾಕ ಸುರು ಮಾಡಿದ್ರ... ಮೊದಲ ನೀವು ಮಾರೀಲೆ ಚಲೋ ಅದೀರಿ. ಹೂಂ, ಅದೀರಿ! ನಾ ಹೇಳಿದ್ದಿಲ್ಲ, ಈಗ ಹೇಳತೇನಿ. ಎಲ್ಲಾರೂ ನೋಡತಾರ. ನನ್ನ ಹೊಟ್ಟಿ ಉರೀತೈತಿ.

ಒಂದ ಮಾತಿಗೆ ಉತ್ತರ ಕೊಡ್ರಿ ಸಾಕು. ಅಂಬಿಕಾಗ ಹೆಂಗ ಗೊತ್ತಾತು?

ಆಕಿ ಈ ದವಾಖಾನ್ಯಾಗ ಝಾಡೂ ಹೊಡೀತಾಳ, ಯಾವ ಡಾಕ್ಟರು ಯಾವತ್ತ ಬರತಾರ ಅನ್ನೂದು ಆಕಿಗೆ ಗೊತ್ತಿರತೈತಿ, ಒಪ್ಪಿದೆ. ನಾ ಕೇಳೂದು ಅದಲ್ಲ. ನಿಮ್ಮ ಅಂಗಿ ಒಳಗ ಏನೈತಿ ಅನ್ನೂದು ಆಕಿಗೆ ಹೆಂಗ ಗೊತ್ತಾತು? ಹಾಂ? ಆಕಿ ಎಲ್ಲಿ ನೋಡಿದ್ಲು?

ಮಾತಾಡ್ರಿ.

ಅಪ್ಪಾಸಾಬ ಹೇಳಿರಬೇಕು ಅಂತೀರೇನು? ಅಂವಗರ ಹೆಂಗ ಗೊತ್ತಾತು? ಫ್ಯಾಕ್ಟರ್ಯಾಗ ನೀವು ಸತ್ರೂ ಅಂಗಿ ತಗಿಯೂದಿಲ್ಲ. ಅಂವನ ಅಲ್ಲೇನು ಕಂಪನಿ ಬಸ್ಸಿನ್ಯಾಗ 'ಬಾಯಾರ ಬಂದ್ರು, ಲೇಡೀಸ್ ಸೀಟ ಬಿಡ್ರಲೇ' ಅಂತ ಸುರು ಮಾಡಿದಾವ? ಫ್ಯಾಕ್ಟರ್ಯಾಗ ನಿಮ್ಮ ಚೀಲಾ ಹಾಕು ಗೂಟಕ್ಕ ಹಸರ ಕುಬಸ ನೇತ ಹಾಕಿದಾವನೂ ಅಂವನ. ಎರಡ ವರ್ಷದ ಹಿಂದ ಅವತ್ತ ನೀವು ಮನಿಗೆ ಬಂದು ಹೇಳಿದಾಗ ನಾ ಎಷ್ಟ ಶಾಪಾ ಹಾಕಿದೆ! ಅಂವನ ನಾಲಿಗಿ ಸೇದಿ ಹೋಗಲಿ ಅಂದೆ, ಅಂವನ ಬಾಯಾಗ ಮಣ್ಣ ಬೀಳಲಿ ಅಂದೆ. ನೀವು ರೊಟ್ಟಿ ಮುರಕೋತ ನನ್ನ ಮಾರೀನ ನೋಡಕೋತ ಕುಂತಿದ್ರಿ. ಈಗ ನೋಡಾಕತ್ತೀರಲ್ಲ, ಹಿಂಗ...

ಯಾಕ ಹಿಂಗ ನೋಡತೀರಿ?

ನಾ ಕೇಳಿದ್ದಕ್ಕ ಉತ್ತರ ಕೊಡ್ರಿ ಮೊದಲ. ಅಪ್ಪಾಸಾಬಗ ಹೇಳಿದಾಕಿ ಅಂಬಿಕಾ. ಅಂಬಿಕಾಗ ಹೇಳಿದಾವ್ರು... ಆಕಿಗೆ ತೋರಿಸಿದಾವ್ರು ನೀವು. ಮತ್ತ್ಯಾರ ಅದಾರ? ನಿಮ್ಮ ಎದಿ ನೋಡಿದಾವ್ರು ಮತ್ತ್ಯಾರ ಅದಾರ್ರಿ ಈ ಊರಾಗ? ನಿಮ್ಮ ಅವ್ವ ಇಲ್ಲ. ಮಗಳು ಸಣ್ಣಾಕಿ. ಮತ್ತ... ಮತ್ತ...

ರೀ.

ಬ್ಯಾಡ್ರಿ. ಹಂಗ ನೋಡಬ್ಯಾಡ್ರಿ. ಬೈರಿ ಬೇಕಾದ್ರ. ಜನ ಇದ್ರೇನಾತು, ಬೈರಿ.

ಕುಬಸ ನೇತ ಹಾಕಿ ಅವರು ಏನಂದಿದ್ರು? ನೀವ ಹೇಳಿದ್ರಿ ನನಗ. 'ಇವರ ಮನ್ಯಾಗ ಕುಬಸ ಹಾಕ್ಕೊಳ್ಳಾವ್ರು ಇಬ್ರಂತ.' ಆ ಮಾತು ಕೇಳಿದಾಗನ ನನ್ನ ಕೈಯಾಗಿನ ಹಿಟ್ಟ ಜಾರಿ ಬಿತ್ತು. ನೀವು ನೋಡಿದ್ರಿ ಅಲ್ಲಾ? ನೋಡಿದ್ರಿ. ನನ್ನ ಬಾಯಾಗಿನ ಮಾತದು. ನಾನ ಅಂದಿದ್ದು, ಹಂಗ, ಅದ ಶಬ್ದ...

ನಳದ ಹತ್ರ ಅಂದಿದ್ದೆ. ಅವತ್ತ ನನಗ ಮೈಯಾಗ ಆರಾಮ ಇದ್ದಿದ್ದಿಲ್ಲ, ನೀವು ಎರಡೂ ಕೊಡ ಹೊತ್ಕೊಂಡ ಹೊಂಟಿದ್ರಿ. ಅಂಬಿಕಾ ನಿಮ್ಮನ್ನ ನೋಡಕೋತ ಅಂದ್ಲು, 'ಅಕ್ಕಾ, ನಿನ್ನ ನಸೀಬ ಚಲೋ ಐತಿ ನೋಡು. ನಮ್ಮಾಂವ ಒಂದ ಚರಿಗಿ ನೀರು ತಂದ ಕೊಟ್ಟಾಂವ ಅಲ್ಲ. ಇಂಥಾವ್ರು ಸಿಕ್ಕಿದ್ರ ನಾ ಇನ್ನೇನ ಬೇಡತಿದ್ದಿಲ್ಲ' ಅಂತ. ಅಷ್ಟ. ಕೆಟ್ಟ ಮನಸಿನಿಂದ ಅನ್ನಲಿಲ್ಲ ಆಕಿ, ಈಗ ತಿಳೀತೈತಿ. ಆದ್ರ ನೀವು ಚಾಳಿನ ಮೂಲಿ ಹೊಳ್ಳೂತನಾ ನೋಡಿದ್ಲ್ರಿ! ಆಕಿ ಮನಸಿನ್ಯಾಗಿಂದ ನಿಮ್ಮನ್ನ ಕಿತ್ತ ಒಗೀಬೇಕಿತ್ತು ನನಗ. ಹೇಸಿಕಿ ಬರಬೇಕಿತ್ತು ಆಕಿಗೆ. ಅದಕ್ಕ ಅಂದಬಿಟ್ಟೆ. ಎಲ್ಲಾ ಹೆಂಗಸ್ರೂ ನಕ್ರು. ನಾನೂ ನಕ್ಕೆ. ಖರೇ ಹೇಳತೇನಿ, ಅವತ್ತ ನನ್ನ ಜೀವಕ್ಕ ತಂಪ ಅನಿಸಿತ್ತು.

ಆಕಿ ಗಂಡನ ಮುಂದ ಹೇಳಿದ್ಲು, ಅಂವ ಇಡೀ ಬಸ್ಸಿಗೆ ಹೇಳಿದ. ಆಕಿಗೆ ನಾಚಿಕಿ ಆಗಿರಬೇಕು, ಚೀಟಿ ಬರದ ಕೊಟ್ಲು. ಅದ್ರಾಗೂ ಆಕೀನ ನನ್ನಕಿಂತ ಮುಂದಾದ್ಲು ನೋಡ್ರಿ! ತಪ್ಪ ತಿದ್ದೂದ್ರಾಗೂ...

ನಿಮಗ ಗೊತ್ತಿತ್ತು. ಎರಡ ವರ್ಷ ಗೊತ್ತಿತ್ತು. ಆ ಬನಿಯನ್ನು, ಆ ಗ್ವಾಡಿ ಕಡೆ ಮಾರಿ... ಬ್ಯಾರೆ ಯಾವಾಕಿನೂ ಇದ್ದಿದ್ದಿಲ್ಲ. ನೀವು ಮುಚ್ಚಾಕತ್ತಿದ್ದು ನನಗ ಹೆದರಿ.

ಒಂದ ಬಡತ ಹಾಕಿದ್ರೂ ಚಲೋ ಇತ್ತಲ್ರೀ...

ಕೊಡ್ರಿ ಆ ಕಾಗದಾ. ಇಲ್ಲ, ಹರಿಯೂದಿಲ್ಲ, ಕೊಡ್ರಿ. ಮಂಗಳವಾರ ನಾನೂ ಬರತೇನಿ, ನೀವು ಬ್ಯಾಡ ಅಂದ್ರ ಹೊರಗ ಕುಂಡ್ರತೇನಿ. ಕನ್ನಡದಾಗ ಸಹಿ ಮಾಡಿದ್ರ ನಡೀತೈತಲ್ಲ? ಸುಂ... ದ... ರ... ವ್ವ. ಆತು.

ಇಲ್ಲಿ ಕೆಳಗ ಇನ್ನೊಂದ ಗೆರಿ ಖಾಲಿ ಐತಿ. ಸಿಸ್ಟರ್ ಹೇಳಿದ್ಲು, ಪೇಶಂಟಗ ನೀ ಏನಾಗಬೇಕು, ನಾತಾ ಬರಿ ಅಂತ.

ಏನಂತ ಬರೀಲಿ?

ರೀ... ಹೇಳ್ರಿ. ಏನಂತ ಬರೀಲಿ?