ಸಪ್ಪೆ ಪಾತ್ರೆಯ ಉಪ್ಪು

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ಹಿರಿಯ ವೈದ್ಯರೇ, ಆಡಳಿತಾಧಿಕಾರಿಗಳೇ, ದಾದಿಯರೇ, ನನ್ನ ಅಡುಗೆಯನ್ನು ಇಷ್ಟು ವರ್ಷ ಸಹಿಸಿಕೊಂಡ ಸಭಿಕರೇ,

ಇಪ್ಪತ್ತೆಂಟು ವರ್ಷ ಈ ಆಸ್ಪತ್ರೆಯ ಅಡುಗೆಮನೆಯಲ್ಲಿ ನಿಂತೇ ಇದ್ದವನಿಗೆ ಇವತ್ತು ನಿವೃತ್ತಿಯ ಸನ್ಮಾನವೆಂದು ವೇದಿಕೆಯ ಮೇಲೆ ಕುರ್ಚಿ ಕೊಟ್ಟಿದ್ದೀರಿ. ನನಗೆ ಕೂತೂ ಅಭ್ಯಾಸವಿಲ್ಲ, ಮಾತಾಡಿಯೂ ಅಭ್ಯಾಸವಿಲ್ಲ. ಸೌಟು ಹಿಡಿದ ಕೈಗೆ ಮೈಕು ಕೊಟ್ಟರೆ ಏನಾಗುತ್ತದೆಂದು ಇನ್ನು ಸ್ವಲ್ಪ ಹೊತ್ತಿನಲ್ಲಿ ನೋಡುತ್ತೀರಿ. ಐದು ನಿಮಿಷದಲ್ಲಿ ಮುಗಿಸಬೇಕೆಂದು ಆಡಳಿತಾಧಿಕಾರಿಗಳು ಮೊದಲೇ ಎಚ್ಚರಿಸಿದ್ದಾರೆ. ಹಸಿದವರ ಮುಂದೆ ಉದ್ದದ ಭಾಷಣ ಮಾಡಬಾರದೆಂದು ಅಡುಗೆಯವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನೀವು ಕೊಟ್ಟ ಫಲಕವನ್ನು ಓದಿದೆ. 'ಹನ್ನೊಂದು ವರ್ಷ ಸಪ್ಪೆ ಊಟದ ಬಗ್ಗೆ ಒಂದೂ ದೂರು ಬಾರದಂತೆ ನೋಡಿಕೊಂಡವರಿಗೆ' ಎಂದಿದೆ. ಹೊರಗಿನಿಂದ ಬಂದವರಿಗಾಗಿ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಎರಡು ದೊಡ್ಡ ಪಾತ್ರೆಗಳಿವೆ. ಒಂದು ಎಲ್ಲರದು. ಇನ್ನೊಂದು ಸಪ್ಪೆ ಪಾತ್ರೆ. ಹೃದಯ ಸೋತವರಿಗೆ, ಮೂತ್ರಪಿಂಡ ಕೆಟ್ಟವರಿಗೆ, ಕಾಲು ಊದಿಕೊಂಡವರಿಗೆ ಅದರಿಂದ ಬಡಿಸಬೇಕು. ಅದಕ್ಕೆ ಉಪ್ಪು ಹಾಕುವಂತಿಲ್ಲ. ಸಪ್ಪೆ ಊಟವನ್ನು ಯಾರಾದರೂ ಹೊಗಳಿದ್ದನ್ನು ನೀವು ಕೇಳಿದ್ದೀರಾ? ಹೊಸದಾಗಿ ಮದುವೆಯಾದವನು ಕೂಡ ಹೆಂಡತಿಯ ಸಪ್ಪೆ ಅಡುಗೆಯನ್ನು ಎರಡು ದಿನಕ್ಕಿಂತ ಹೆಚ್ಚು ಹೊಗಳಲಾರ.

ಹಾಗಾದರೆ ದೂರು ಏಕೆ ಬರಲಿಲ್ಲ? ಎಲ್ಲ ಕೈಗುಣ ಎಂದು ಅಧ್ಯಕ್ಷರು ಈಗಷ್ಟೇ ಹೇಳಿದರು. ದೊಡ್ಡ ಮಾತು. ಕೈಗುಣವೆಂಬುದಿದ್ದರೆ ಅದು ನಮ್ಮಮ್ಮನಿಗಿತ್ತು. ಮನೆಯ ಹಿಂದೆ ನಾಲ್ಕು ಮಡಿಗಳಲ್ಲಿ ಸೊಪ್ಪು, ಬೀನ್ಸು, ಗೆಡ್ಡೆ ಬೆಳೆಯುತ್ತಿದ್ದಳು. ಒಲೆಯ ಮೇಲೆ ನೀರಿಟ್ಟ ಮೇಲೆಯೇ ಕೊಯ್ಯಲು ಹೋಗುತ್ತಿದ್ದಳು. ಡಬ್ಬಿಯಲ್ಲಿ ಉಪ್ಪು ತೀರಿದ ದಿನವೂ ನಾನು, ಅಕ್ಕ ತಟ್ಟೆ ನೆಕ್ಕಿ ಎದ್ದಿದ್ದೇವೆ. ಇಲ್ಲಿಗೆ ಬರುವ ತರಕಾರಿ ಕಿತ್ತು ನಾಲ್ಕು ದಿನವಾಗಿರುತ್ತದೆ, ಆಮೇಲೆ ತಣ್ಣನೆಯ ಕೋಣೆಯಲ್ಲಿ ಇನ್ನೂ ಮೂರು ದಿನ. ಕ್ಯಾರೆಟ್ಟನ್ನು ಮುರಿಯಲು ಹೋದರೆ ಬಾಗುತ್ತದೆ. ಸತ್ತ ತರಕಾರಿಗೆ ಉಪ್ಪೊಂದೇ ಜೀವ.

ನಮ್ಮ ಗೇಟಿನಿಂದ ಹತ್ತು ನಿಮಿಷದ ದಾರಿಯಲ್ಲಿ ಮೂರು ಕುಟುಂಬಗಳು ತರಕಾರಿ ಬೆಳೆಯುತ್ತವೆ. ಸಪ್ಪೆ ಪಾತ್ರೆಗಾದರೂ ದಿನಾ ಅವರಿಂದ ತರಿಸಿ ಎಂದು ಕೇಳಿದೆ. ಒಂದು ಸಲವಲ್ಲ, ನಾಲ್ಕು ಸಲ ಕೇಳಿದೆ. ನಿಯಮದಲ್ಲಿ ಅವಕಾಶವಿಲ್ಲ ಎಂದರು ಆಡಳಿತದವರು. ತರಕಾರಿಯ ಬದಲು ದೂರಿನ ಪುಸ್ತಕ ಬಂತು. ಅದನ್ನು ವಾರ್ಡಿನ ಬಾಗಿಲಿಗೆ ದಾರ ಕಟ್ಟಿ ನೇತುಹಾಕಿದರು, ಜೊತೆಗೆ ಪೆನ್ನನ್ನೂ ಕಟ್ಟಿದರು. ಮುಂದಿನ ತಿಂಗಳಿಂದ ತಿಂಗಳಿಗೆ ಐದಕ್ಕಿಂತ ಹೆಚ್ಚು ದೂರು ಬಂದರೆ ಅಡುಗೆಯವನನ್ನೇ ಬದಲಾಯಿಸುತ್ತೇವೆ ಎಂದರು. ಮೊದಲ ವಾರವೇ ಇಪ್ಪತ್ತೆರಡು ಬಂದವು. 'ರೋಗ ಸಾಲದೆಂದು ಈ ಶಿಕ್ಷೆ ಬೇರೆ' ಎಂದು ಒಬ್ಬರು ಬರೆದಿದ್ದರು. ತಿಂದು ನೋಡಿದೆ. ಅವರು ಬರೆದದ್ದು ನಿಜ.

ಎರಡನೆಯ ವಾರ ಒಂದು ಚಿಟಿಕೆ ಹಾಕಿದೆ.

ಇದು ನಾನು ಬರೆದುಕೊಂಡು ಬಂದ ಕಾಗದದಲ್ಲಿಲ್ಲ. ಹೇಳಬೇಕೆಂದು ಬಂದವನೂ ಅಲ್ಲ. ಆದರೆ ಬಾಯಿಗೆ ಬಂದುಬಿಟ್ಟಿತು. ಎಂಬತ್ತು ಜನರ ಪಾತ್ರೆಗೆ ಚಿಟಿಕೆ ಯಾವ ಮೂಲೆಗೆ? ಚಿಟಿಕೆ ಹಿಡಿಯಾಯಿತು, ಒಂದು ಹಿಡಿ ಎರಡಾಯಿತು. ದೂರು ನಿಂತಿತು. ರೋಗಿಗಳು ತಟ್ಟೆ ಖಾಲಿ ಮಾಡಿ ಕಳಿಸುತ್ತಿದ್ದರು. ಖಾಲಿ ತಟ್ಟೆ ನೋಡಿದರೆ ಅಡುಗೆಯವನಿಗೆ ಹೊಟ್ಟೆ ತುಂಬುತ್ತದೆ. ನನಗೂ ತುಂಬಿತು, ಸುಳ್ಳು ಹೇಳುವುದಿಲ್ಲ.

ನಾಲ್ಕು ವರ್ಷದ ಹಿಂದೆ ನನ್ನ ಅಕ್ಕ ಅದೇ ವಾರ್ಡಿಗೆ ಬಂದಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ಬೆಳೆಸಿದವಳು. ಹೃದಯ ಸೋತು ಕಾಲು ಕಂಬದಂತೆ ಊದಿತ್ತು. ಅವಳಿಗಾಗಿ ಪಾತ್ರೆಗೆ ಉಪ್ಪು ನಿಲ್ಲಿಸಬೇಕಿತ್ತಲ್ಲವೇ? ನಿಲ್ಲಿಸಲಿಲ್ಲ. ಎರಡು ದಿನವಾದರೂ ನನ್ನ ಕೈಯ ಊಟವನ್ನು ಅಕ್ಕ ಖುಷಿಯಿಂದ ತಿನ್ನಲಿ ಎಂದುಕೊಂಡೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ ಎನ್ನುತ್ತಾರೆ. ತಾಯಿಯಂಥವಳಿಗೆ ರುಚಿ ಕೊಟ್ಟೆ. ಎರಡು ದಿನ ಹೋಗಿ ಮೂರು ವಾರವಾಯಿತು. "ನಂಗೆ ಸಪ್ಪೆ ಅನ್ನಿಸೋದೇ ಇಲ್ಲ ಕಣೋ" ಎಂದು ಎರಡೆರಡು ಸಲ ಹಾಕಿಸಿಕೊಂಡು ತಿಂದಳು.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಆ ವಾರ್ಡಿನಲ್ಲಿ ನೀರಿಗೂ ಅಳತೆ. ಅಕ್ಕ ಬಾಯಾರಿಕೆ ಎಂದು ಬೇಡುತ್ತಿದ್ದಳು, ಕಾಲಿನ ಊತ ಇಳಿಯಲಿಲ್ಲ. ವೈದ್ಯರು ಮಾತ್ರೆ ಹೆಚ್ಚಿಸಿದರು. ಕೊನೆಗೆ, ಮನೆಯಿಂದ ಕದ್ದು ತರಿಸಿಕೊಂಡು ತಿನ್ನುತ್ತಿದ್ದೀರಿ ಎಂದು ಎಲ್ಲರೆದುರು ಬಯ್ದರು. ದಾದಿಯರು ಅವಳ ದಿಂಬಿನ ಕೆಳಗೆ, ಚೀಲದೊಳಗೆ ಹುಡುಕಿದರು. ಊಟದ ತಟ್ಟೆ ಹಿಡಿದು ಹೋದಾಗ ನನ್ನ ಕೈ ಹಿಡಿದುಕೊಂಡಳು. "ನಾನು ಕದ್ದು ತಿಂದಿಲ್ಲ ಕಣೋ. ನೀನು ಇಲ್ಲಿಯೋನಲ್ವಾ, ನೀನಾದ್ರೂ ಅವರಿಗೆ ಹೇಳೋ."

ನಾನು ಹೇಳಲಿಲ್ಲ. ಹೇಳಿದ್ದರೆ ಕೆಲಸ ಹೋಗುತ್ತಿತ್ತು. ಒಂಬತ್ತು ದಿನ ಕಳೆದು ಅವಳು ಹೋದಳು.

ಆ ವೈದ್ಯರೇ ಇವತ್ತಿನ ಮುಖ್ಯ ಅತಿಥಿಗಳು. ಸರ್, ತಪ್ಪು ನಿಮ್ಮದಲ್ಲ. ನನ್ನ ಪಾತ್ರೆಯ ಗುಟ್ಟು ನಿಮಗೆ ಗೊತ್ತಿರಲಿಲ್ಲ. ನನ್ನ ಉಪ್ಪೇ ಅವಳ ಜೀವ ತೆಗೆಯಿತು ಎಂದು ನಾನೂ ಹೇಳಲಾರೆ, ಅವಳ ಹೃದಯ ಮೊದಲೇ ಸೋತಿತ್ತು. ಆದರೆ ಅವಳು ಕಳ್ಳಿಯಾಗಿರಲಿಲ್ಲ. ಅಕ್ಕ ಹೇಳು ಎಂದದ್ದನ್ನು ನಾಲ್ಕು ವರ್ಷ ತಡವಾಗಿ ಹೇಳುತ್ತಿದ್ದೇನೆ.

ಅವಳು ಹೋದ ಮೇಲಾದರೂ ನಿಲ್ಲಿಸಿದೆನೇ? ಫಲಕದಲ್ಲಿ ಹನ್ನೊಂದು ವರ್ಷ ಎಂದೇ ಬರೆದಿದ್ದೀರಿ. ಲೆಕ್ಕ ಸರಿಯಾಗಿದೆ.

ಸಾಕು ಎಂದು ಚೀಟಿ ಬಂದಿದೆ. ನನಗೂ ಸಾಕಾಗಿದೆ. ಇನ್ನೊಂದೇ ಮಾತು. ನನ್ನ ಜಾಗಕ್ಕೆ ಬಂದಿರುವ ಅಡುಗೆಯಾಕೆ ಈ ಸಭೆಗೆ ಬಂದಿಲ್ಲ, ಕೆಳಗೆ ಒಲೆಯ ಮುಂದಿದ್ದಾರೆ. ಎಂಟು ವರ್ಷ ನನ್ನ ಪಕ್ಕದಲ್ಲಿ ನಿಂತವರು. ನಾನು ಬಾಯಿಬಿಟ್ಟು ಏನನ್ನೂ ಕಲಿಸಿದವನಲ್ಲ, ಅವರು ನನ್ನ ಕೈ ನೋಡಿ ಕಲಿತರು. ಇವತ್ತು ಬೆಳಿಗ್ಗೆ ಹತ್ತಿರ ಬಂದು, "ಸಪ್ಪೆ ಪಾತ್ರೆಗೆ ಎರಡು ಹಿಡಿ ತಾನೇ? ನಿಮ್ಮ ಹೆಸರು ಕೆಡಿಸಲ್ಲ ಬಿಡಿ" ಎಂದರು. ಹೊಸ ಅಂಗಿ ಹಾಕಿಕೊಂಡು ಸನ್ಮಾನಕ್ಕೆ ಹೊರಟಿದ್ದೆ. ಹೂಂ ಎಂದುಬಿಟ್ಟೆ.

ಸಪ್ಪೆ ಊಟದ ಗಾಡಿ ಹನ್ನೆರಡೂವರೆಗೆ ಮೇಲಕ್ಕೆ ಹೋಗುತ್ತದೆ. ಈಗ ಹನ್ನೆರಡು ಇಪ್ಪತ್ತಾಗಿದೆ. ಮೂರನೇ ಸಾಲಿನಲ್ಲಿರುವ ವಾರ್ಡಿನ ದಾದಿಯರೇ, ದಯವಿಟ್ಟು ಎದ್ದು ಹೋಗಿ ಗಾಡಿಯನ್ನು ನಿಲ್ಲಿಸಿ. ಆ ಹೆಣ್ಣುಮಗಳನ್ನು ಬಯ್ಯಬೇಡಿ. ಪಾತ್ರೆಯನ್ನು ಚೆಲ್ಲಿಸಿ, ಬೇರೆ ಬೇಯಿಸಲು ಹೇಳಿ.

ಆಡಳಿತಾಧಿಕಾರಿಗಳ ಮುಖ ನೋಡುತ್ತಿದ್ದೀರಿ. ಅವರು ಕೈಸನ್ನೆ ಮಾಡಿ ಕೂರಿ ಎನ್ನುತ್ತಿದ್ದಾರೆ. ಯಾರೂ ಏಳುತ್ತಿಲ್ಲವಲ್ಲ. ಸರಿ, ನಾನೇ ಹೋಗುತ್ತೇನೆ. ಇಷ್ಟು ಹೊತ್ತು ಕೇಳಿದ್ದಕ್ಕೆ ಎಲ್ಲರಿಗೂ ವಂದನೆಗಳು. ಸ್ವಲ್ಪ ದಾರಿ ಬಿಡಿ, ಮೆಟ್ಟಿಲು ಇಳಿಯಬೇಕು. ನಮಸ್ಕಾರ.